ಕೆನೆ ತೆಗೆದವಳು ಎಂಬ ಮಾತು

ವೈಟ್‌ಫೀಲ್ಡ್ ಕಡೆಯ ನಮ್ಮೂರಿನ ಗೋಮಾಳ ಟೆಕ್ ಪಾರ್ಕ್ ಆದ ಮೇಲೆ ಅಮ್ಮನಿಗೆ ಉಳಿದದ್ದು ಒಂದು ಸೀಮೆಹಸು, ನನಗೆ ಸಿಕ್ಕಿದ್ದು ಅದೇ ಪಾರ್ಕಿನ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸ. ಅಲ್ಲಿ ಮಧ್ಯಾಹ್ನ ಮಿಕ್ಕ ಅನ್ನವನ್ನು ಬಕೆಟ್‌ಗಟ್ಟಲೆ ಸುರಿಯುತ್ತಿದ್ದರು. ನೋಡಲಾಗದೆ ದಿನಾ ಎರಡು ಬಕೆಟ್ ಮನೆಗೆ ತರತೊಡಗಿದೆ. ಹುಲ್ಲಿಗೆ ಅಲೆಯುವುದು ತಪ್ಪಿತೆಂದು ಅಮ್ಮನಿಗೂ ಖುಷಿ. ಹಸುವಂತೂ ಬಕೆಟ್ ತಳ ನೆಕ್ಕುತ್ತಿತ್ತು.

ಹದಿನೈದು ದಿನದೊಳಗೆ ಡೈರಿಯಲ್ಲಿ ನಮ್ಮ ಹಾಲಿನ ಫ್ಯಾಟ್ ಇಳಿಯಿತು. ಡೈರಿಯ ಕಾರ್ಯದರ್ಶಿ ಅಮ್ಮ ಎತ್ತಿ ಆಡಿಸಿದ ನಮ್ಮ ಬೀದಿಯವನೇ. ಸಾಲಿನಲ್ಲಿ ನಿಂತವರೆಲ್ಲರ ಎದುರು ಕ್ಯಾನು ಹಿಂದಕ್ಕೆ ತಳ್ಳಿದ.

“ಕೆನೆ ತೆಗ್ದು ತಂದ್ರೆ ಇಂಗೇ ಆಗೋದು ದೊಡ್ಡಮ್ಮ.”

ನನಗೆ ಮೈಯೆಲ್ಲ ಉರಿಯಿತು. ಹಾಲು ಇನ್ನೂ ಬೆಚ್ಚಗಿತ್ತು, ನೊರೆ ಆರಿರಲಿಲ್ಲ. ಕರೆದು ಕಾಲು ಗಂಟೆಯೊಳಗೆ ಯಾವ ಹಾಲಿನಲ್ಲಿ ಕೆನೆ ಕಟ್ಟುತ್ತದೆ ಸ್ವಾಮಿ? ದಿನಬೆಳಗಾದರೆ ಹಾಲು ಅಳೆಯುವವನಿಗೆ ಅಷ್ಟೂ ಗೊತ್ತಿಲ್ಲವೇ? ಗೊತ್ತಿತ್ತು. ಆಡಲು ನಾಲಿಗೆ ಇತ್ತು, ಆಡಿದ. ಅಮ್ಮ ಕ್ಯಾನು ಹೊತ್ತು ಮನೆಗೆ ಬಂದಳು. ಆ ದಿನ ಊಟ ಮಾಡಲಿಲ್ಲ.

ಅಷ್ಟರಲ್ಲಿ ಹಸು ಮೆಲುಕು ಹಾಕುವುದನ್ನೂ ಬಿಟ್ಟಿತು. ದನದ ಡಾಕ್ಟರು ಬಂದು, ಬಕೆಟ್ ಮೂಸಿ, ನನ್ನನ್ನೇ ಬೈದರು.

“ಇದರ ಹೊಟ್ಟೇಲಿ ಕೋಟಿಗಟ್ಲೆ ಸೂಕ್ಷ್ಮಜೀವಿಗಳಿರ್ತವೆ ಕಣಯ್ಯ. ಅವು ಹುಲ್ಲಿನ ನಾರು ಕರಗಿಸಿ ಕೊಟ್ರೇನೇ ಹಾಲಲ್ಲಿ ಕೊಬ್ಬು. ನೀನು ಬರೀ ಅನ್ನ ಹಾಕಿ ಹೊಟ್ಟೆ ಹುಳಿ ಮಾಡ್ಬಿಟ್ಟಿದ್ದೀಯ. ಅವೇ ಸತ್ರೆ ಫ್ಯಾಟ್ ಎಲ್ಲಿಂದ ಬರುತ್ತೆ?”

ಕೆನೆ ತೆಗೆದದ್ದು ನಾನು ತಂದ ಅನ್ನ. ಮಾತು ಕೇಳಿದ್ದು ಅಮ್ಮ.

ಅನ್ನ ನಿಂತಿತು. ಡಾಕ್ಟರ ಔಷಧಿಯ ಜೊತೆಗೆ ಅಮ್ಮ ತನ್ನ ಅತ್ತೆಯಿಂದ ಕಲಿತದ್ದನ್ನೂ ಮಾಡಿದಳು: ಪಕ್ಕದ ಮನೆಯ ಹಸು ಮೆಲುಕು ಹಾಕುವಾಗ ಅದರ ಬಾಯಿಂದ ಉಂಡೆ ಕಿತ್ತು ತಂದು ನಮ್ಮದಕ್ಕೆ ತಿನ್ನಿಸಿದಳು. ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಆ ಉಂಡೆಯಲ್ಲೂ ಅವೇ ಜೀವಿಗಳಿರುತ್ತವೆ ಎಂದರು.

ಮೂರು ವಾರಕ್ಕೆ ಫ್ಯಾಟ್ ಮೊದಲಿನಂತಾಯಿತು. ಕಾರ್ಯದರ್ಶಿ ಯಂತ್ರ ನೋಡಿ ಹಲ್ಲು ಕಿರಿದ. “ನೋಡಿದ್ಯಾ ದೊಡ್ಡಮ್ಮ, ಒಂದ್ಸಲ ಹೇಳಿದ್ಕೆ ಸರಿಹೋಯ್ತು.”

ಹಸು ಹುಷಾರಾದದ್ದೂ ಅಮ್ಮನ ಕಳ್ಳತನಕ್ಕೇ ಸಾಕ್ಷಿಯಾಯಿತು, ನೋಡಿ. ತಪ್ಪು ನನ್ನದು, ಕ್ಯಾಂಟೀನಿನ ಅನ್ನದ್ದು ಎಂದು ಅದೇ ಸಾಲಿನೆದುರು ಕೂಗಿ ಹೇಳಿದೆ. ಅಮ್ಮ ಕ್ಯಾನಿನ ಮುಚ್ಚಳ ಹಿಡಿದುಕೊಂಡೇ ಅವನನ್ನು ಕೇಳಿದಳು: “ಆವತ್ತು ಆಡಿದ್ಯಲ್ಲ, ಆ ಮಾತು ವಾಪಸ್ ತಗೋಳಪ್ಪ.”

“ಓಗ್ಲಿ ಬಿಡು ದೊಡ್ಡಮ್ಮ” ಎಂದು ಅವನು ಮುಂದಿನವರ ಕ್ಯಾನಿಗೆ ಕೈ ಚಾಚಿದ.

ಬಿಡು ಎನ್ನಬೇಕಾದವಳು ನನ್ನಮ್ಮ. ಅವಳು ಇವತ್ತಿಗೂ ಅಂದಿಲ್ಲ.