ಕಾಜಕ್ಕ ಕೇಳಿದ ಹಾಡು

ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಹದಿನಾರನೆಯ ವಯಸ್ಸಿನಿಂದ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಾ ಬಂದವಳು, ಐವತ್ತು ದಾಟುವ ಹೊತ್ತಿಗೆ ತನ್ನದೇ ಒಂದು ಅಂಗಡಿ ಇಟ್ಟಿದ್ದಳು. ಜೊತೆಗೆ ತಂಗಿ. ತಂಗಿಯ ಬಾಯಿ ಹೊಲಿಗೆ ಮಿಷನ್ನಿಗಿಂತ ಜೋರು. ಕಾಜಕ್ಕ ಮೂರು ಮಾತಿಗೆ ಒಂದು ಮಾತಾಡುವವಳು.

ಅಂಗಡಿಯ ಮೇಲಿನ ಮಹಡಿಗೆ ಸಂಗೀತದ ಮೇಷ್ಟ್ರೊಬ್ಬರು ಬಂದರು. ಮಧ್ಯಾಹ್ನ ಮೂರಕ್ಕೆ, ಬಿಸಿಲು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಂದು ಮಲಗುವ ಹೊತ್ತಿಗೆ, ದಿನಾ ಒಂದೇ ಹಾಡು ಹಾಕುತ್ತಿದ್ದರು. ಮಾತಿಲ್ಲದ ಹಾಡು. ಪಿಯಾನೊ, ಟ್ರಂಪೆಟ್, ಅಂಗೈಯಿಂದ ಬಾರಿಸುವ ಡ್ರಮ್ಮುಗಳು, ನಡುವೆ ಎಲೆಕ್ಟ್ರಿಕ್ ಗಿಟಾರ್. ಅದನ್ನು ಲ್ಯಾಟಿನ್ ಜಾಝ್ ಫ್ಯೂಷನ್ ಎನ್ನುತ್ತಾರೆಂದು ಅವಳಿಗೆ ತಿಳಿದದ್ದು ಆಮೇಲೆ. ಮೊದಲು ಕೇಳಿದಾಗ, ಯಾರೋ ತನ್ನನ್ನು ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕದೆ ನೀರಿಗೆ ಬಿಟ್ಟಂತೆ ಅನಿಸಿತ್ತು.

ಯಾವ ಬಟ್ಟೆ ಕಂಡರೂ ಹೊಲಿಗೆ ಎಲ್ಲೆಲ್ಲಿ ಕೂಡಿದೆ ಎಂದು ನೋಡುವ ಚಟ ಅವಳದು. ಅದು ಕಿವಿಗೂ ಅಂಟಿಕೊಂಡಿತು. ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಹಾಡಿನ ಅಳತೆ ಬರೆಯತೊಡಗಿದಳು. ಪಿಯಾನೊದ ಸುತ್ತು, ಎಂಟು ಸಲ. ಅಡಿಯಲ್ಲಿ ಎರಡು ಕೋಲುಗಳ ಬಡಿತ, ಒಮ್ಮೆ ಮೂರು, ಒಮ್ಮೆ ಎರಡು. ಆಮೇಲೆ ಟ್ರಂಪೆಟ್ಟಿನ ರಾಗ: ನಾಲ್ಕು ಮೆಟ್ಟಿಲು ಏರಿ, ಮೂರು ಇಳಿದು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಲ್ಲುವುದು. ಗಿಟಾರಿನ ಭಾಗ ಮಾತ್ರ ತಲೆಬುಡ ಸಿಗದೆ ಹದಿನೈದು ದಿನ ಕಾಡಿತು.

"ಅಕ್ಕಾ, ತೋಳಿನ ಅಳತೆ ಬರಿ ಅಂದ್ರೆ ಇರುವೆ ಸಾಲು ಬರೀತಿದ್ದೀಯಲ್ಲಾ!" ಎಂದು ತಂಗಿ ನಕ್ಕಳು.

ಒಂದು ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಮೇಷ್ಟ್ರು ಕೆಳಗೆ ಬಂದರು. ಕಾಗದ ಕಣ್ಣಿಗೆ ಬಿತ್ತು. ಬಡಿತದ ಗುರುತುಗಳನ್ನು ಬೆರಳಲ್ಲಿ ಎಣಿಸಿದವರೇ ಕೇಳಿದರು: "ಇದು ನಾನು ಹಾಕೋ ಹಾಡಲ್ವೇನಮ್ಮಾ? ಗಿಟಾರ್ ಬರೋ ಕಡೆ ಗೆರೆಯೆಲ್ಲಾ ಯಾಕೆ ಕೆಳಮುಖ ಆಗಿದೆ?"

"ಅದು ಬೇರೆ ರಾಗ ಅಲ್ಲ ಸಾರ್. ಟ್ರಂಪೆಟ್ಟಿಂದೇ. ಅದೇ ಅಂಗೀನ ತಲೆಕೆಳಗಾಗಿ ತೂಗುಹಾಕಿದ್ದಾರೆ. ಅದು ಏರೋ ಕಡೆ ಇದು ಇಳಿಯುತ್ತೆ."

"ಛೆ, ಅದು ಗಿಟಾರ್ ನುಡಿಸೋನಿಗೆ ಆ ಕ್ಷಣಕ್ಕೆ ತೋಚಿದ್ದು. ಇಪ್ಪತ್ತು ವರ್ಷದಿಂದ ಈ ಹಾಡು ಪಾಠ ಮಾಡ್ತಿದ್ದೀನಿ ಕಣಮ್ಮಾ."

ಅವಳು ಪ್ಯಾಂಟಿಗೆ ಸೀಮೆಸುಣ್ಣದ ಗುರುತು ಹಾಕಿದಳು. ಅವರು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಅವರೇ ಪಿಯಾನೊ ನುಡಿಸುವುದು ಕೇಳಿಸಿತು: ಮೊದಲು ರಾಗ, ಬಳಿಕ ಅದೇ ರಾಗ ಬೋರಲಾಗಿ, ಒಂದೊಂದೇ ಸ್ವರ. ಅದು ನಿಂತದ್ದೇ ಮೇಷ್ಟ್ರು ಬರಿಗಾಲಲ್ಲೇ ಮೆಟ್ಟಿಲಿಳಿದು ಬಂದರು.

"ನೀವು ಹೇಳಿದ್ದೇ ಸರಿ. ನಾಳೆ ಕ್ಲಾಸಿಗೆ ಬಂದು ನಮ್ಮವರಿಗೂ ಹೇಳ್ತೀರಾ?"

ಕಾಜಕ್ಕ ತಂಗಿಯ ಮುಖ ನೋಡಿದಳು. ತಂಗಿ ಆಗಲೇ ಆ ಕಂದು ಕಾಗದವನ್ನು ಜೋಪಾನವಾಗಿ ಸುರುಳಿ ಸುತ್ತುತ್ತಿದ್ದಳು.

ಮರುದಿನ ಎಂಟು ಮಂದಿ ಶಿಷ್ಯರ ಎದುರು ಕಾಗದ ಹರಡಿ, ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಅಂದಿನಿಂದ ಬುಧವಾರದ ಮಧ್ಯಾಹ್ನ ಅವಳು ಮಹಡಿಯಲ್ಲಿರುತ್ತಾಳೆ. ಈಗ ಮೇಷ್ಟ್ರು ಬೇರೊಂದು ಹಾಡು ಕೊಟ್ಟಿದ್ದಾರೆ. ಮೂರು ವಾರವಾಯಿತು, ಅದರ ನಡುಭಾಗ ಅವಳಿಗೆ ಇನ್ನೂ ಸಿಕ್ಕಿಲ್ಲ, ಸಿಗಲೆಂಬ ಅವಸರವೂ ಇದ್ದಂತಿಲ್ಲ.