ಹಾಲು, ನೀರು ಮತ್ತು ನಂಜಪ್ಪನವರ ಮೋಟರು

ನಿಂಗರಾಜು ಸತ್ತ ಸುದ್ದಿ ಕೇಳಿ ಕ್ಯಾತನಹಳ್ಳಿಗೆ ಹೋದಾಗ ಅವನ ಮನೆಯ ಮುಂದೆ ಆಗಲೇ ಎರಡು ಗುಂಪು ನಿಂತಿದ್ದವು. ಒಂದು ಗುಂಪು, ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎನ್ನುತ್ತಿತ್ತು. ಇನ್ನೊಂದು, ಹುಟ್ಟದಿದ್ದರೇ ಊರಿಗೆ ಒಳ್ಳೆಯದು ಎನ್ನುತ್ತಿತ್ತು. ಅವನು ಕೇಳಿಸಿಕೊಂಡಿದ್ದರೆ ಖುಷಿಪಡುತ್ತಿದ್ದ. ‘ಪರವಾಗಿಲ್ಲ, ಒಳ್ಳೆಯವನೇ’ ಎಂದು ನಡುವೆ ನಿಂತು ಮಾತಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ನನ್ನ ಗೆಳೆಯ ನಿಂಗರಾಜು ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಲ್ಯಾಕ್ಟೋಮೀಟರು ಮುಳುಗಿಸಿ, ಕಣ್ಣು ಕಿರಿದು ಮಾಡಿ, ಹಾಲು ಅಥವಾ ನೀರು ಎಂದು ಕೂಗುತ್ತಿದ್ದ. ನೀರು ಎಂದಮೇಲೆ ಮುಗಿಯಿತು, ಎರಡನೇ ಸಲ ನೋಡುವುದಿಲ್ಲ. ಸ್ವಂತ ಅತ್ತೆ ತಂದ ಹಾಲನ್ನೂ ವಾಪಸು ಕಳಿಸಿದ್ದ. ಅವತ್ತು ಹೆಂಡತಿ ಪ್ರಮೀಳಾ ಸಾರಿನ ಪಾತ್ರೆ ಅವನ ಮುಂದೆ ಕುಕ್ಕಿ, “ಇದೂ ನೀರೇಯ. ವಾಪಸ್ ಕಳಿಸ್ಬುಡಿ” ಎಂದಿದ್ದಳು.

ನಾನು ಓದಿದ ಪುಸ್ತಕದ ಬಗ್ಗೆ ಹೇಳಲು ಹೊರಟರೂ ಅವನದು ಅದೇ ಪ್ರಶ್ನೆ: “ಪುರಾಣ ಬ್ಯಾಡ ಕಣ್ಲಾ. ಆಲಾ, ನೀರಾ, ಅಷ್ಟ್ ಯೋಳು.”

ತೊಂಬತ್ತೈದರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಟೀವಿ ರಿಪೇರಿ ಮಾಡುವ ಶಹಾಬುದ್ದೀನನ ಅಂಗಡಿಯಲ್ಲಿ ಅವನು ಮೊದಲ ಸಲ ವಿಡಿಯೋ ಗೇಮ್ ಆಡಿದ. ಮುಂದಿನ ತಿಂಗಳೇ ಒಂದು ಹಳೇ ಟೀವಿ, ಒಂದು ಗೇಮಿನ ಡಬ್ಬ, ಒಂದಿಷ್ಟು ಕ್ಯಾಸೆಟ್ಟು ತಂದು ಡೇರಿಯ ಪಕ್ಕದ ಖಾಲಿ ರೂಮಿನಲ್ಲಿ ಅಂಗಡಿ ತೆರೆದ. ಪ್ರತಿ ಹೊಸ ಕ್ಯಾಸೆಟ್ಟನ್ನೂ ಸಂಜೆಯ ಹಾಲು ಮುಗಿಸಿಕೊಂಡು ಬಂದು ತಾನೇ ಆಡಿ ನೋಡುತ್ತಿದ್ದ. ಆಮೇಲೆ ಬಾಗಿಲ ಮೇಲಿನ ಕರಿಹಲಗೆಯಲ್ಲಿ ಆಟದ ಹೆಸರಿನ ಮುಂದೆ ‘ಹಾಲು’ ಅಥವಾ ‘ನೀರು’ ಎಂದು ಬರೆಯುತ್ತಿದ್ದ. ಆರು ತಿಂಗಳಲ್ಲಿ ಊರಿನ ಹುಡುಗರೆಲ್ಲ ಅದನ್ನೇ ಕಲಿತರು. ಮೇಷ್ಟ್ರು ನೀರು, ಭಾನುವಾರ ಹಾಲು, ಅಪ್ಪಂದಿರು ಸಾರಾಸಗಟಾಗಿ ನೀರು.

ಜಗಳ ಹತ್ತಿದ್ದು ಕಾರ್ ರೇಸಿನ ಕ್ಯಾಸೆಟ್ಟಿನಿಂದ. ನಿಂಗರಾಜು ಅದಕ್ಕೆ ‘ನೀರು’ ಬರೆದಿದ್ದ. ಸಂಜೆ ಕಾಲೇಜಿನಿಂದ ಬರುವ ಮಂಜುನಾಥ ಮತ್ತವನ ಜೊತೆಗಾರರೂ ಅದನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆದರೆ ಮಧ್ಯಾಹ್ನ ಗದ್ದೆಯಿಂದ ಬಂದು ಆಡುವವರಿಗೆ ಅದೇ ಪ್ರಾಣ. ಅವರ ನಾಯಕ ಜವರಯ್ಯ, ವಯಸ್ಸು ನಲವತ್ತೈದು, ಎರಡು ಮಕ್ಕಳ ತಂದೆ. ಕಾರು ತಿರುಗಿದ ಕಡೆಗೆ ತಾನೂ ವಾಲಿ ಪಕ್ಕದವನ ಮೇಲೆ ಬೀಳುತ್ತಿದ್ದ.

“ಅದುನ್ನ ನೀರು ಅಂದೋನು ಗಾಡಿ ಒಡ್ದೇ ಇಲ್ಲ ಕಣ್ಲಾ!” ಎಂದು ಒಂದು ದಿನ ಹಲಗೆಯ ಮುಂದೆ ಕೂಗಿದ ಜವರಯ್ಯ.

“ನೀನ್ ಎತ್ತಿನ್‌ಗಾಡಿ ಒಡ್ಕೋ ಓಗಣ್ಣ,” ಎಂದ ಮಂಜುನಾಥ.

ಕೈಕೈ ಮಿಲಾಯಿಸಿತು. ಡೇರಿಯ ಮುಂದಿದ್ದ ತುಂಬಿದ ಕ್ಯಾನೊಂದು ಉರುಳಿತು. ಡೇರಿ ಅಧ್ಯಕ್ಷರಾದ ನಂಜಪ್ಪನವರು ಬಂದು, ಚರಂಡಿಗೆ ಹೋಗುವ ಹಾಲು ನೋಡಿ, “ಇನ್ನೊಂದ್ ಸತಿ ಗಲಾಟೆ ಆದ್ರೆ ರೂಮ್ ಖಾಲಿ ಮಾಡ್ಬುಡ್ಲಾ” ಎಂದರು.

ನಿಂಗರಾಜು ಅವತ್ತು ನನ್ನ ಮುಂದೆ ಬಂದು ಕೂತ. ಆಮೇಲೆ ಹೇಳಿದ: “ಡೇರೀಲಿ ನನ್ ಮಕ ಕಂಡ್ರೆ ಕ್ಯಾನ್ ಮುಚ್ಕೋತಾರೆ. ನಿಂಗರಾಜಣ್ಣ ಅಂತ ನಗ್‌ನಗ್ತಾ ಒಳೀಕ್ ಬರೋದು ಆ ರೂಮಿಗ್ ಮಾತ್ರ. ಅದೂ ಓದ್ರೆ ನಾನು ಬರೀ ನೀರು ಅಂತ ಕೂಗೋ ಬಡ್ಡಿಮಗ ಕಣ್ಲಾ.”

ಹಾಗಾದರೆ ಹಲಗೆಯ ಮೇಲೆ ‘ಸುಮಾರು’ ಎಂದು ಬರೆದು ಇಬ್ಬರನ್ನೂ ಸಮಾಧಾನ ಮಾಡು ಎಂದೆ. ನಾನು ಹಾಲಿಗೆ ನೀರು ಬೆರೆಸಲು ಹೇಳಿದಂತೆ ನೋಡಿದ. ಎಲ್ಲರ ಎದುರಿಗೆ ಒಂದು ಸಲ ಆಡಿಸಿ ತೀರ್ಮಾನ ಮಾಡುವುದು ಎಂದಾಯಿತು.

ಭಾನುವಾರ ಸಂಜೆ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಂಜಪ್ಪನವರಿಗೆ ಕುರ್ಚಿ ಹಾಕಿದ್ದರು. ಶಹಾಬುದ್ದೀನನೂ ಬಂದಿದ್ದ. ಸಂಜೆಯ ಹೊತ್ತು ಎಂದೂ ಆಡದ ಜವರಯ್ಯ ರಿಮೋಟು ಹಿಡಿದು ಕೂತ. ಕಾರು ಹೊರಟಿತು. ಅಷ್ಟರಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಮುದುಡಿ ಒಣಗಿದ ನಿಂಬೆಹಣ್ಣಿನಷ್ಟಾಯಿತು, ನಡುಗಿತು, ಆಟ ಮೊದಲಿಗೆ ಹೋಯಿತು. ಇನ್ನೊಮ್ಮೆ ಆಡಿದ. ಮತ್ತೆ ಹಾಗೇ.

“ಯಾವನ್ಲಾ ನನ್ ಕಾರ್ನ ಇಂಗ್ ಮಾಡ್ದೋನು?” ಎಂದು ಜವರಯ್ಯ ಕೂಗಿದ.

“ದಿನಾ ಇಂಗೇಯ! ಅದ್ಕೇ ನೀರು ಅಂದಿದ್ದು,” ಎಂದ ಮಂಜುನಾಥ.

ಶಹಾಬುದ್ದೀನ್ ಮೇಲಿನ ಬಲ್ಬು ನೋಡಿದ. ಅದು ಕೆಂಡದಂತೆ ಕೆಂಪಗಿತ್ತು. ಸಂಜೆ ಬಲ್ಬು ಕೆಂಪಗಾಗುವುದು ನಮ್ಮಲ್ಲಿ ಹೊತ್ತು ಮುಳುಗಿದಷ್ಟೇ ಸಹಜ, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. “ಅರೆ ಭಾಯ್, ವೋಲ್ಟೇಜೇ ಇಲ್ವಲ್ಲ. ಬೇರೆ ಕ್ಯಾಸೆಟ್ಟು ಹೆಂಗೋ ತಡ್ಕೋತವೆ, ಇದಕ್ಕೆ ಆಗಲ್ಲ. ಈ ಲೈನಲ್ಲಿ ಮೋಟ್ರು ಯಾರ್ದು?”

ಗೋಡೆಯಾಚೆ ಕಬ್ಬಿಗೆ ನೀರೆತ್ತುತ್ತಿದ್ದ ಮೋಟರು ಗೊರ್ ಎನ್ನುತ್ತಿತ್ತು. ಎಲ್ಲರೂ ಕುರ್ಚಿಯ ಕಡೆ ತಿರುಗಿದರು.

“ನನ್ನ್ ಯಾಕ್ರುಲಾ ನೋಡೀರಿ?” ಎಂದರು ನಂಜಪ್ಪ. “ತ್ರೀಫೇಸ್ ಕೊಡೋದೇ ಸಂಜೆ. ಕಬ್ಬಿಗ್ ನೀರ್ ಬ್ಯಾಡ್ವಾ?”

ಆಳನ್ನು ಕಳಿಸಿ ಮೋಟರು ಆರಿಸಿದರು. ಚಿತ್ರ ಉಬ್ಬಿಕೊಂಡು ಟೀವಿ ತುಂಬಿತು. ಜವರಯ್ಯ ವಾಲುತ್ತಾ ಹೋಗಿ ಗೆದ್ದ. ಮಂಜುನಾಥನೂ ಆಡಿ ನೋಡಿದ, ಎರಡನೇ ತಿರುವಿನಲ್ಲಿ ತಾನೂ ವಾಲಿದ. ಗಲಾಟೆಗೆ ಕಾರಣ ಅಧ್ಯಕ್ಷರ ಮೋಟರೇ ಎಂದಮೇಲೆ ರೂಮು ಖಾಲಿ ಮಾಡಿಸುವ ಮಾತು ಅಲ್ಲಿಗೇ ಸತ್ತಿತು.

ಈಗಲಾದರೂ ನಿಂಗರಾಜು ಬಗ್ಗುತ್ತಾನೆ ಎಂದುಕೊಂಡೆ. ಅವನು ಹಲಗೆ ಒರೆಸಿ ಬರೆದ: ‘ಕಾರ್ ರೇಸ್. ಮಧ್ಯಾಹ್ನ ಹಾಲು. ಸಂಜೆ ನೀರು.’

“ನಡುವೆ ಅನ್ನೋದು ಇಲ್ವೇ ಇಲ್ವೇನ್ಲಾ?” ಎಂದೆ.

“ಇಲ್ಲ ಕಣ್ಲಾ. ಅವು ಎರಡು ಆಟ.”

ಆದರೆ ಆಮೇಲೆ ಡೇರಿಯಲ್ಲಿ, ನೀರು ಎಂದು ಕಂಡ ಹಾಲನ್ನು ವಾಪಸು ಕಳಿಸುವ ಮೊದಲು ಲ್ಯಾಕ್ಟೋಮೀಟರನ್ನು ಇನ್ನೊಂದು ಸಲ ಮುಳುಗಿಸುತ್ತಿದ್ದ. ಅದರ ಬಗ್ಗೆ ಯಾರೂ ಅವನ ಮುಂದೆ ಎತ್ತಿ ಆಡಲಿಲ್ಲ. ಅತ್ತೆಯ ಹಾಲನ್ನೂ ಎರಡು ಸಲ ನೋಡಿದ. ಎರಡು ಸಲವೂ ನೀರೇ.

ಅದಾದ ಏಳೆಂಟು ವರ್ಷಕ್ಕೆ ಒಂದು ದಿನ, ಡೇರಿಯಲ್ಲಿ ನಿಂತಿದ್ದವನು ಎದೆ ಹಿಡಿದುಕೊಂಡು ಕೂತ. ಪಾಂಡವಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಅವನಿಗೆ ಇನ್ನೂ ನಲವತ್ತಾಗಿರಲಿಲ್ಲ. ಇದನ್ನು ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯದು.

ತಿಥಿಯ ದಿನ ಊಟವಾದ ಮೇಲೆ ಅದೇ ಎರಡು ಗುಂಪು ಅಂಗಳದಲ್ಲಿ ಮತ್ತೆ ಶುರುಮಾಡಿದವು. ಬಡವರ ಹಾಲು ಚೆಲ್ಲಿಸಿದ ಪಾಪಿ ಎಂದು ಒಬ್ಬ, ಡೇರಿ ಉಳಿಸಿದ ದೇವರು ಎಂದು ಇನ್ನೊಬ್ಬ. ಪ್ರಮೀಳಾ ಒಳಗಿನಿಂದ ಬಂದು ಗೇಮಿನ ರೂಮಿನ ಬೀಗದ ಕೈ ಎಸೆದಳು. “ಅಲ್ಲೋಗಿ ಕಿತ್ತಾಡ್ರಪ್ಪ. ಇಲ್ಲಿ ನೆಂಟ್ರು ಅವ್ರೆ.”

ಬಾಗಿಲು ತೆಗೆದು ಜವರಯ್ಯ ಕಾರ್ ರೇಸಿನ ಕ್ಯಾಸೆಟ್ಟು ಹಾಕಿದ. ಸಂಜೆಯಾಗಿತ್ತು. ಬಲ್ಬು ಕೆಂಪಗಿತ್ತು, ಚಿತ್ರ ಮುದುಡಿಕೊಂಡು ನಡುಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ನಂಜಪ್ಪನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕತ್ತಲಾಗುತ್ತಿದ್ದ ಗದ್ದೆಯ ಕಡೆ ನಡೆದರು. ಈ ಸಲ ಆಳನ್ನು ಕಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಸದ್ದು ನಿಂತಿತು. ಚಿತ್ರ ಟೀವಿ ತುಂಬಿತು. ಜವರಯ್ಯ ಮೊದಲ ತಿರುವಿನಲ್ಲೇ ಮರಕ್ಕೆ ಗುದ್ದಿದ.

“ಥೂ, ನೀರು!” ಎಂದ ಮಂಜುನಾಥ, ಮೂಗು ಒರೆಸಿಕೊಳ್ಳುತ್ತಾ. “ಕೊಡಣ್ಣ ಇಲ್ಲಿ.”

ನಂಜಪ್ಪನವರ ಕಬ್ಬಿಗೆ ಅವತ್ತು ನೀರು ಹಾಯಲಿಲ್ಲ.