ಚಪ್ಪಲಿಗಳ ಪಕ್ಕದಲ್ಲಿ ಹದಿನಾರು ವರ್ಷ

ತಿಂಗಳ ಮೊದಲ ಭಾನುವಾರ. ಶಹಾಬಾದಿನ ಕಲ್ಲುಗಣಿಗಳ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾಹೇಲಮ್ಮ ಉಪ್ಪಿಲ್ಲದ ಗೋಧಿ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕುತ್ತಿದ್ದಾರೆ. ಪಕ್ಕದ ಒಲೆಯ ಮೇಲೆ ಹಿಂದಿನ ದಿನ ನೆನೆಸಿಟ್ಟ ಒಣದ್ರಾಕ್ಷಿ ಕುದಿಯುತ್ತಿದೆ. ಸೋಸಿದರೆ ಅದೇ ದ್ರಾಕ್ಷಾರಸ. ಒಂಬತ್ತಕ್ಕೆ ಎರಡೂ ದೇವಾಲಯದ ಮೇಜಿನ ಮೇಲಿರಬೇಕು. ಯೇಸುವಿನ ಕಡೆಯ ಊಟದ ನೆನಪಿಗೆ ನಲವತ್ತೆರಡು ಜನ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮೂರು ರೊಟ್ಟಿ ಸಾಕು, ಒಬ್ಬೊಬ್ಬರಿಗೆ ಸಿಗುವುದು ಉಗುರಿನಷ್ಟು ಚೂರು.

ಆ ನಲವತ್ತೆರಡರಲ್ಲಿ ರೊಟ್ಟಿ ಸುಡುವಾಕೆ ಇಲ್ಲ. ಹದಿನಾರು ವರ್ಷಗಳಿಂದ ಅವರು ಇದರ ಒಂದು ಚೂರನ್ನೂ ಬಾಯಿಗಿಟ್ಟಿಲ್ಲ.

ಗೋಡೆಯಾಚೆಯಿಂದ ನೆರೆಮನೆಯ ಆಶಾಬಿ ಇಣುಕುತ್ತಾರೆ. "ಏನವಾ, ಮಂದಿಗೆಲ್ಲ ರೊಟ್ಟಿ, ನಿನಗಷ್ಟೇ ರೋಜಾ, ಉಪವಾಸ? ನಮ್ಮ ರಂಜಾನದ್ದು ಒಂದು ತಿಂಗಳಿಗೆ ಮುಗೀತದ. ನಿಂದೇನು ಮುಗಿಯಂಗ ಕಾಣವಲ್ದು."

"ನಿನ್ನ ರೋಜಾ ಚಂದ್ರ ನೋಡಿ ಬಿಡ್ತಿ. ನಂಗ ಇನ್ನೂ ಕಂಡಿಲ್ಲ ತಗೋ," ಎನ್ನುತ್ತಾರೆ ರಾಹೇಲಮ್ಮ.

ವಯಸ್ಸು ಐವತ್ತೈದರ ಆಸುಪಾಸು. ವಾರದ ಉಳಿದ ಆರು ದಿನ ಅವರು ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುತ್ತಾರೆ, ತಲೆಯ ಮೇಲೆ ಸಿಂಬಿ ಇಟ್ಟು, ದಿನಕ್ಕೆ ಎಪ್ಪತ್ತು ಎಂಬತ್ತು ಸಲ ಏರಿ ಇಳಿದು. ಅಲ್ಲಿಯ ಹಾಜರಿ ಪಟ್ಟಿಯಲ್ಲಿ ಅವರ ಹೆಸರು ಮಾಳಮ್ಮ. ಈ ಓಣಿಯ ಕ್ರೈಸ್ತರಲ್ಲಿ ಬಹುತೇಕರಿಗೆ ಎರಡು ಹೆಸರು: ದೀಕ್ಷಾಸ್ನಾನದ್ದು ಭಾನುವಾರಕ್ಕೆ, ಹಳೆಯದು ಮಿಕ್ಕ ದಿನಗಳಿಗೆ. ದೇವರಿಗೂ ಹಾಜರಿ ಹಾಕುವ ಮುಕಾದಮನಿಗೂ ಪರಸ್ಪರ ಪರಿಚಯವಿಲ್ಲದ್ದರಿಂದ ಇದರಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆಯಾದದ್ದು ಸಾವಿನಿಂದ. ಗಣಿಯ ದಂಡೆ ಕುಸಿದು ಗಂಡ ಜಟ್ಟೆಪ್ಪ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳನ್ನು ಸಾಕುವುದು ಒಬ್ಬರ ಕೈಲಾಗಲಿಲ್ಲ. ಕಾಳಗಿಯ ಹಾಸ್ಟೆಲ್ಲಿನಲ್ಲಿ ಊಟ, ಓದು ಎರಡೂ ಇತ್ತು. ಆದರೆ ಅದು ಪರಿಶಿಷ್ಟ ಜಾತಿಯವರಿಗೆಂದು ಸರ್ಕಾರ ನಡೆಸುವ ಹಾಸ್ಟೆಲ್, ಕ್ರೈಸ್ತರಾದವರ ಮಕ್ಕಳಿಗೆ ಆ ಸೀಟು ಇರಲಿಲ್ಲ. 'ನಾವು ಕ್ರೈಸ್ತರಲ್ಲ' ಎಂದು ಬರೆದ ಕಾಗದಕ್ಕೆ ರಾಹೇಲಮ್ಮ ಹೆಬ್ಬೆಟ್ಟು ಒತ್ತಿದರು. ಹಿರಿಯವ ಸ್ಯಾಮುವೇಲ ಅಲ್ಲಿ ಶಿವರಾಯನಾದ. ಕಿರಿಯವ ಸಂಗಣ್ಣ ಎಂದಾದ. ಈಗಲೂ ಆ ಹೆಸರೇ ಉಳಿದಿದೆ.

ಅರವತ್ಮೂರರ ಮಳೆಗಾಲದಲ್ಲಿ ಸ್ಯಾಮುವೇಲ ಕಾಳಗಿಯಲ್ಲೇ, ವಾರಗಟ್ಟಲೆ ಬಿಡದ ಮುದ್ದತಿ ಜ್ವರದಿಂದ ತೀರಿಕೊಂಡ. ಹಳ್ಳದ ದಂಡೆಯಲ್ಲಿ ಮಣ್ಣು ಮಾಡುವ ಹೊತ್ತಿಗೆ ಪಾದ್ರಿ ದೇವಸಹಾಯಪ್ಪನವರು ಶಹಾಬಾದಿನಿಂದ ಕಲ್ಲಿನ ಲಾರಿ ಹತ್ತಿ ಬಂದಿಳಿದರು. ಕಂಕುಳಲ್ಲಿ ಬೈಬಲ್ಲು, ತಲೆಯ ತುಂಬ ಕಲ್ಲುಪುಡಿ. ಹಾಸ್ಟೆಲ್ಲಿನ ವಾರ್ಡನ್ ರಾಹೇಲಮ್ಮನನ್ನು ಕೇಳಿದ, "ಯಾರಬೇ ಇವ್ರು? ನಿಮ್ಮವರಾ?" ಸಂಗಣ್ಣ ಅವ್ವನ ಸೆರಗು ಹಿಡಿದು ನಿಂತಿದ್ದ. ಅವನ ಸೀಟು ಆ ಒಂದು ಮಾತಿನ ಮೇಲಿತ್ತು.

"'ಗೊತ್ತಿಲ್ರಿ' ಅಂದೆ," ಎನ್ನುತ್ತಾರೆ ರಾಹೇಲಮ್ಮ. "ಅಯ್ಯನೋರು ನನ್ನ ಮುಖಾ ನೋಡಿದ್ರು. 'ಸುಲೇಪೇಟದ ದಾರಿ ಕೇಳ್ಲಿಕ್ಕ ಬಂದೀನ್ರಿ' ಅಂದು ಹೊಂಟೇ ಹೋದ್ರು. ಪ್ರಾರ್ಥನಾ ಇಲ್ಲ, ಹಾಡಿಲ್ಲ. ನನ್ನ ಮಗನ ಮ್ಯಾಲ ಬರೇ ಮಣ್ಣು ಬಿತ್ತು."

ಮುಂದಿನ ಭಾನುವಾರ ಅವರು ಸಭೆಯ ನಡುವೆ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಕೇಳಿದವರೆಲ್ಲ ತಲೆ ತಗ್ಗಿಸಿದರು. ದುಃಖದಿಂದಲೇ ಎನ್ನುವಂತಿಲ್ಲ, ಅಂಥದೇ ಕಾಗದ ಹತ್ತಾರು ಮನೆಗಳ ಟ್ರಂಕುಗಳಲ್ಲಿತ್ತು. "ಆಯ್ತವಾ, ದೇವರು ಕ್ಷಮಿಸ್ಯಾನ, ಕುಂದ್ರು," ಎಂದು ಸಭೆಯ ಹಿರಿಯರೊಬ್ಬರು ಅವಸರಪಟ್ಟರು. ಕುಳಿತರು, ಆದರೆ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ. ತಪ್ಪು ಮಾಡಿದವರನ್ನು ಕೆಲವು ವಾರ ಅಲ್ಲಿ ಕೂರಿಸುವ ರೂಢಿ ಹಿಂದೆ ಇತ್ತಂತೆ. ಇವರನ್ನು ಯಾರೂ ಕೂರಿಸಲಿಲ್ಲ, ಏಳಿಸಲೂ ಆಗಲಿಲ್ಲ. ಪ್ರಾರ್ಥನೆ ಮುಗಿಸಿ ಬಂದವರು ಅವರ ಮುಖ ತಪ್ಪಿಸಿ ಚಪ್ಪಲಿ ಹುಡುಕುತ್ತಾರೆ. ಕೆಲವರು ಒಬ್ಬರದನ್ನೊಬ್ಬರು ಮೆಟ್ಟಿಕೊಂಡು ಹೋಗಿದ್ದೂ ಉಂಟು.

ಇಷ್ಟಾಗಿಯೂ ನಂಬಿಕೆ ಹೇಗೆ ಉಳಿಯಿತು?

"ನಂಬಿಕಿ ಹೋಗಿದ್ರ ಮನ್ಯಾಗ ಮಕ್ಕೊಂಡಿರ್ತಿದ್ದೆ. ನಂಬಿಕಿ ಅದ, ಅದಕ್ಕೇ ನಾಚಿಕಿ ಬರ್ತದ."

ಅವರಿಗಿರುವುದು ಒಂದೇ ಆಸೆ. ಕಾಳಗಿಗೆ ಹೋಗಿ ಆ ಮಣ್ಣಿನ ಮೇಲೆ ನಾಲ್ಕು ಜನರ ಎದುರು ಪ್ರಾರ್ಥನೆ ಮಾಡಿಸಬೇಕು, ಆಮೇಲೆ ರೊಟ್ಟಿ ಮುಟ್ಟಬೇಕು. ಜಾಗದ ಗುರುತು ಅವರಿಗೆ ಉಳಿದಿಲ್ಲ. ಸಂಗಣ್ಣನಿಗೀಗ ಇಪ್ಪತ್ತಾರು, ಫರಸಿ ನುಣುಪು ಮಾಡುವ ಕಾರ್ಖಾನೆಯಲ್ಲಿ ಗುಮಾಸ್ತ. ಕಾಳಗಿಯ ಹೆಸರೆತ್ತಿದರೆ ಊಟದ ತಾಟು ಬಿಟ್ಟು ಎದ್ದು ಹೋಗುತ್ತಾನೆ.

ಒಂಬತ್ತೂವರೆಗೆ ಎಲ್ಲರಿಗೂ ಕೊಟ್ಟಾದ ಮೇಲೆ ದೇವಸಹಾಯಪ್ಪನವರು ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ. "ಆ ದಿನ ನಾನೂ ಸುಳ್ಳ ಹೇಳೀನಿ, ರಾಹೇಲಮ್ಮ. ನಾ ತಿನ್ಲಿಕತ್ತಿಲ್ಲೇನು?"

"ನೀವು ನನ್ನ ಸಲುವಾಗಿ ಹೇಳಿದ್ರಿ. ಕಾಳಗಿಗೆ ಹೋಗಿ ಬರೋತನ ಬ್ಯಾಡ್ರಿ, ಅಯ್ಯನೋರ."

ಪ್ರತಿ ತಿಂಗಳೂ ಮಾತು ಇಲ್ಲಿಗೆ ಮುಗಿಯುತ್ತದೆ. ಇಂದು ಒಳಗಿನಿಂದ ಸಂಗಣ್ಣ ಎದ್ದು ಬಂದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಲ್ಲುತ್ತಾನೆ.

"ಹನ್ನೊಂದಕ್ಕ ಕಾಳಗಿ ಬಸ್ಸದ, ಯವ್ವಾ."

"ಹೋಗಿ ಎಲ್ಲಿ ಅಂತ ಹುಡುಕೋದು?"

"ಹಳ್ಳದ ದಂಡಿಗಿ, ಜಾಲಿಗಿಡದ ಮಗ್ಗಲಿಗೆ. ವರ್ಷಾ ವರ್ಷಾ ಹೋಗಿ ಅಣ್ಣನ ಮಣ್ಣಿನ ಮ್ಯಾಲಿನ ಕಲ್ಲು ಸರಿ ಮಾಡಿ ಬರ್ತೀನಿ." ಅವನು ನೆಲ ನೋಡುತ್ತಾನೆ. "ನನ್ನ ಸೀಟಿನ ಸಲುವಾಗಿ ಆದದ್ದು. ನಿನಗ ಹೇಳ್ಲಿಕ್ಕ ಮುಖ ಇರಲಿಲ್ಲ."

ಒಳಗೆ ಹಾಡು ನಿಂತಿದೆ. ಪಾದ್ರಿಗಳು ಒಂದು ಚೂರು ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಜುಬ್ಬಾದ ಜೇಬಿಗಿಡುತ್ತಾರೆ. ರಾಹೇಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಏಳುತ್ತಾರೆ.

"ಹಾಡು ನಾನೇ ಹಾಡ್ತೀನ್ರಿ ಅಯ್ಯನೋರ. ನೀವು ಪ್ರಾರ್ಥನಾ ಜೋರಾಗಿ ಮಾಡ್ರಿ. ಸ್ಯಾಮುವೇಲ ಅಂತ ಹೆಸರು ತಗೋರಿ. ಹಾಸ್ಟೆಲಿನ ಮಂದಿಗೆಲ್ಲ ಕೇಳಬೇಕು."